ಬಳ್ಳಿಗಾವಿಯ ಬಿಸಿಲಿಗೆ ಬಿಳುಚಿದ ಮುಖ

ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯ ಪೂರ್ವಕ್ಕೆ ಮುಖ ಮಾಡಿ ನಿಂತಿದೆ. ಮುಂದುಗಡೆ ತೆರೆದ ಸಭಾಮಂಟಪ, ಅದನ್ನು ದಾಟಿದರೆ ಮಹಾಮಂಟಪ, ಅಲ್ಲಿಂದ ಮೂರು ದಿಕ್ಕಿಗೆ ಮೂರು ಗರ್ಭಗುಡಿ. 11ನೇ ಶತಮಾನದ ಈ ಕಟ್ಟಡ ಬಳಪದ ಕಲ್ಲಿನದು. ಮಳೆ ಬಿಸಿಲು ಉಂಡು ಆ ಕಲ್ಲು ಈಗ ಚೆನ್ನಾಗಿ ಕಪ್ಪಾಗಿದೆ. ಶಿಕಾರಿಪುರ, ಸೊರಬ, ಶಿರಾಳಕೊಪ್ಪದ ಕಡೆಯಿಂದ ಫೋಟೊ ತೆಗೆಸಿಕೊಳ್ಳಲು ಬಂದವರಿಗೆ ಈ ಮಂಟಪದ ಅಂಚು ಇಷ್ಟದ ಜಾಗ. ಅಲ್ಲಿ ಒಬ್ಬ ಅಜ್ಜ ನಿಂತಿದ್ದಾರೆ ಎನ್ನಿ: ಬೆನ್ನ ಹಿಂದೆ ನೆರಳು ತುಂಬಿದ ಕಂಬಗಳು, ಮೈಮೇಲೆ ಬಿಳಿ ಪಂಚೆ, ಬಿಳಿ ಅಂಗಿ, ಮುಖದ ಮೇಲೆ ನೇರವಾಗಿ ಬೆಳಗಿನ ಬಿಸಿಲು. ಹೊಸದಾಗಿ ಕ್ಯಾಮೆರಾ ಕೊಂಡವರು ಕ್ಲಿಕ್ಕಿಸಿ ನೋಡಿದರೆ ಕಂಬದ ತಿರುವುಗಳೆಲ್ಲ ಸೊಗಸಾಗಿ ಬಂದಿರುತ್ತವೆ. ಅಜ್ಜನ ಹಣೆ ಮಾತ್ರ ಬಿಳಿ, ಮೂಗಿನ ತುದಿ ಬಿಳಿ, ಅಂಗಿಯ ಕಾಲರು ಎಲ್ಲಿ ಮುಗಿದು ಕುತ್ತಿಗೆ ಎಲ್ಲಿ ಶುರುವಾಯಿತೆಂದು ಗೊತ್ತಾಗುವುದಿಲ್ಲ.

ಹೀಗಾಗುವುದಕ್ಕೆ ಕಾರಣ ಕ್ಯಾಮೆರಾದೊಳಗಿನ ಮೀಟರು. ಅದು ಚೌಕಟ್ಟಿನಲ್ಲಿರುವ ಬೆಳಕನ್ನೆಲ್ಲ ಅಳೆದು, ಒಟ್ಟಾರೆ ಚಿತ್ರ ಒಂದು ನಡುಮಧ್ಯದ ಬೂದುಬಣ್ಣಕ್ಕೆ ಬಂದು ನಿಲ್ಲುವಂತೆ ಶಟರ್, ಅಪರ್ಚರ್, ಐಎಸ್‌ಒಗಳನ್ನು ಹೊಂದಿಸುತ್ತದೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ವಾಪಸು ಕೊಡುವ ಬೂದು ಅದು. ಫೋಟೊಗ್ರಫಿಯಲ್ಲಿ ಹಳೆಯ ಕಾಲದಿಂದಲೂ ನಡೆದುಬಂದ ಅಳತೆಗೋಲು. ಸಭಾಮಂಟಪದ ಮುಂದೆ ನಿಂತಾಗ ಚೌಕಟ್ಟಿನ ಮುಕ್ಕಾಲು ಪಾಲು ಕಪ್ಪು ಕಲ್ಲು. ಮೀಟರು ಇಲ್ಲಿ ಬೆಳಕು ಸಾಲದು ಎಂದು ಲೆಕ್ಕ ಹಾಕಿ ಎಕ್ಸ್‌ಪೋಶರ್ ಏರಿಸುತ್ತದೆ. ಕಪ್ಪಾಗಿರಬೇಕಾದ ಕಲ್ಲು ಬೂದಾಗುತ್ತದೆ, ಕಂದಾಗಿರಬೇಕಾದ ಮುಖ ಬಿಳಿಯಾಗುತ್ತದೆ. ಮುಖವನ್ನು ಗುರುತಿಸಿ ಅಳೆಯುವ ಈಚಿನ ಕ್ಯಾಮೆರಾಗಳು, ಫೋನುಗಳು ಈ ವಿಷಯದಲ್ಲಿ ಸ್ವಲ್ಪ ವಾಸಿ. ಮುಖ ಚೌಕಟ್ಟಿನಲ್ಲಿ ಸಣ್ಣದಾದರೆ ಅವೂ ಎಡವುತ್ತವೆ.

ಅದೇ ಊರಿನ ಭೇರುಂಡೇಶ್ವರ ಕಂಬದ ಬಳಿ ಎಲ್ಲ ತಿರುಗುಮುರುಗು. 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ, ಸುಮಾರು 30 ಅಡಿ ಎತ್ತರದ ಆ ಕಂಬ ಪೂರ್ತಿ ಬರಬೇಕೆಂದರೆ ಕ್ಯಾಮೆರಾ ಮೇಲೆತ್ತಬೇಕು, ಆಗ ಚೌಕಟ್ಟಿನ ತುಂಬ ಆಕಾಶ. ಮೀಟರು ಬೆಳಕು ಇಳಿಸುತ್ತದೆ, ಕಂಬದ ಬುಡದಲ್ಲಿ ನಿಂತವರ ಮುಖ ಕಪ್ಪಾಗುತ್ತದೆ. ಮನೆಗೆ ಬಂದು ಮುಖ ಕಾಣಲೆಂದು ಬ್ರೈಟ್‌ನೆಸ್ ಎಳೆಯುತ್ತೇವೆ. ಮುಖದ ಜೊತೆಗೆ ಆಕಾಶವೂ ಏರಿ ಬಿಳಿ ಹಾಳೆಯಾಗುತ್ತದೆ, ಕೂದಲಿನ ಅಂಚು ಅದರಲ್ಲಿ ಕರಗಿಹೋಗುತ್ತದೆ. ಒಂದು ಕಡೆ ತೆಗೆಯುವಾಗಲೇ ಬೆಳಕು ಜಾಸ್ತಿಯಾಯಿತು, ಇನ್ನೊಂದು ಕಡೆ ಎಡಿಟ್ ಮಾಡುವಾಗ. ನಿಮ್ಮ ಫೋಟೊ ಎರಡನೆಯ ಜಾತಿಯದಾದರೆ ಚಿಂತೆಯೇ ಇಲ್ಲ, ಮೂಲ ಫೋಟೊ ತೆರೆದು ಹೊಸದಾಗಿ ಶುರು ಮಾಡಿದರಾಯಿತು. ಈ ಲೇಖನ ಮುಖ್ಯವಾಗಿ ಮೊದಲನೆಯ ಜಾತಿಗಾಗಿ.

ಋತುಮಾನವನ್ನೂ ಸೇರಿಸಿಕೊಳ್ಳಿ. ಬಳ್ಳಿಗಾವಿ ಸುಮಾರು 14.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಏಪ್ರಿಲ್ ಕೊನೆಯ ವಾರದ ನಡುಮಧ್ಯಾಹ್ನ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಇರುತ್ತಾನೆ. ಮದುವೆ ಮುಹೂರ್ತಗಳು ದಟ್ಟವಾಗಿರುವುದೂ ಆಗಲೇ. ಆ ಹೊತ್ತಿನ ಫೋಟೊದಲ್ಲಿ ಹಣೆ, ಮೂಗು, ಕೆನ್ನೆಯ ಮೇಲ್ಭಾಗ ಉರಿಯುತ್ತಿರುತ್ತವೆ, ಕಣ್ಣಿನ ಗುಳಿಗಳು ಕತ್ತಲಾಗಿರುತ್ತವೆ. ಒಂದೇ ಮುಖದಲ್ಲಿ ಎರಡೂ ರೋಗ. ಎಡಿಟಿಂಗಿಗೆ ಇದಕ್ಕಿಂತ ಕಷ್ಟದ ಮುಖ ಸಿಗಲಾರದು.

ಬೆಳಕು ಜಾಸ್ತಿಯೋ, ಸುಟ್ಟಿದೆಯೋ

ಆ್ಯಪ್ ತೆರೆದ ಕೂಡಲೇ ಬ್ರೈಟ್‌ನೆಸ್ ಇಳಿಸಲು ಬೆರಳು ಓಡುತ್ತದೆ. ಅದಕ್ಕೆ ಮೊದಲು ಒಂದು ಪರೀಕ್ಷೆ ಆಗಲೇಬೇಕು: ಮುಖದ ಮೇಲೆ ಬೆಳಕು ಬರೀ ಜಾಸ್ತಿಯಾಗಿದೆಯೋ, ಸುಟ್ಟೇ ಹೋಗಿದೆಯೋ. ಜೆಪೆಗ್ ಫೋಟೊದಲ್ಲಿ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಅಂಕೆ ಇರುತ್ತವೆ; ಪ್ರತಿಯೊಂದೂ 0ಯಿಂದ 255ರೊಳಗೆ. 255 ಮುಟ್ಟಿದ ಮೇಲೆ ಎಷ್ಟೇ ಬೆಳಕು ಬಿದ್ದರೂ ಬರೆದುಕೊಳ್ಳಲು ಜಾಗವಿಲ್ಲ. ಹಣೆಯ ಮೇಲೆ ಬೆವರು ಹೊಳೆದ ಜಾಗವೂ ಪಕ್ಕದ ಚರ್ಮವೂ 255ಕ್ಕೆ ಹೋಗಿ ನಿಂತರೆ, ಅವೆರಡರ ನಡುವೆ ಇದ್ದ ವ್ಯತ್ಯಾಸ ಫೈಲಿನೊಳಗೇ ಉಳಿದಿರುವುದಿಲ್ಲ. ಸ್ಲೈಡರು ಎಳೆದು 220ಕ್ಕೆ ಇಳಿಸಿದರೆ ಎರಡೂ 220 ಆಗುತ್ತವೆ, ಅಷ್ಟೆ. ಬಿಳಿ ಮಚ್ಚೆ ಇದ್ದಲ್ಲಿ ಬೂದು ಮಚ್ಚೆ, ಹಣೆಗೆ ವಿಭೂತಿ ಮೆತ್ತಿದ ಹಾಗೆ.

ಇದನ್ನು ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಹಿಸ್ಟೋಗ್ರಾಮ್ ಎಂಬ ಗುಡ್ಡದಾಕಾರದ ನಕ್ಷೆ ಬಹುತೇಕ ಕ್ಯಾಮೆರಾ, ಆ್ಯಪ್‌ಗಳಲ್ಲಿದೆ. ಎಡತುದಿ ಕಪ್ಪು, ಬಲತುದಿ ಬಿಳಿ. ಗುಡ್ಡ ಬಲಕ್ಕೆ ವಾಲಿದ್ದರೂ ತುದಿ ಮುಟ್ಟುವ ಮೊದಲೇ ಇಳಿದಿದ್ದರೆ ಬೆಳಕು ಜಾಸ್ತಿಯಾಗಿದೆ ಎಂದರ್ಥ, ಪೂರ್ತಿ ಸರಿಮಾಡಬಹುದು. ಬಲಗೋಡೆಗೆ ಹತ್ತಿಕೊಂಡು ನೆಟ್ಟಗೆ ನಿಂತ ಗೆರೆ ಕಂಡರೆ ಎಲ್ಲೋ ಸುಟ್ಟಿದೆ. ಸುಟ್ಟಿದ್ದು ಮುಖವೋ ಅಂಗಿಯೋ ಆಕಾಶವೋ ಎಂಬುದು ಮುಂದಿನ ಪ್ರಶ್ನೆ. ಕಂಪ್ಯೂಟರಿನ ಲೈಟ್‌ರೂಮ್‌ನಲ್ಲಿ ಆಲ್ಟ್ ಕೀಲಿ ಒತ್ತಿ ಹಿಡಿದು ವೈಟ್ಸ್ ಸ್ಲೈಡರ್ ಎಳೆದರೆ ಸುಟ್ಟ ಜಾಗ ಮಾತ್ರ ಎದ್ದು ಕಾಣುತ್ತದೆ. ಕ್ಯಾಮೆರಾದಲ್ಲಾದರೆ ಹೈಲೈಟ್ ಅಲರ್ಟ್ ಆನ್ ಮಾಡಿಟ್ಟುಕೊಂಡರೆ ಆ ಜಾಗಗಳು ಪರದೆಯ ಮೇಲೆ ಕಣ್ಣು ಮಿಟುಕಿಸುತ್ತವೆ. ಮೂಗುತಿಯ ಹರಳು, ಸೀರೆಯ ಜರಿ, ಕಣ್ಣಿನೊಳಗಿನ ಬೆಳಕಿನ ಚುಕ್ಕೆ ಮಿಟುಕಿಸಿದರೆ ಬಿಟ್ಟುಬಿಡಿ. ಅವು ಹೊಳೆಯಬೇಕಾದವೇ.

ಚರ್ಮದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮನುಷ್ಯನ ಚರ್ಮ ಯಾವ ಬಣ್ಣದ್ದಾದರೂ ಫೋಟೊದಲ್ಲಿ ಸಾಮಾನ್ಯವಾಗಿ ಕೆಂಪಿನ ಅಂಕೆ ಮೇಲೆ, ಹಸಿರು ನಡುವೆ, ನೀಲಿ ಕೆಳಗೆ. ಆದ್ದರಿಂದ ಬೆಳಕು ಏರಿದಂತೆ ಮೊದಲು ಗೋಡೆಗೆ ಬಡಿಯುವುದು ಕೆಂಪು. ಕೆಂಪು ಅಲ್ಲೇ ನಿಂತು ಹಸಿರು ಏರುತ್ತಾ ಹೋದರೆ ಚರ್ಮ ಹಳದಿಗೆ ತಿರುಗುತ್ತದೆ. ನಮ್ಮ ಕಡೆಯ ಫೋಟೊಗಳಲ್ಲಿ ಕೆನ್ನೆಯ ಮೇಲೆ ಕಾಣುವ ಆ ನಿಂಬೆ ಛಾಯೆಗೆ ಇದೇ ಕಾರಣ. ಅರಿಶಿನ ಶಾಸ್ತ್ರದ ಫೋಟೊದಲ್ಲಂತೂ ಹಳದಿ ಬಟ್ಟೆ, ಮುಖದ ತುಂಬ ಅರಿಶಿನ. ಕೆಂಪು, ಹಸಿರು ಎರಡೂ ತುದಿ ಮುಟ್ಟಿ, ನೀಲಿ ಕೆಳಗೇ ಉಳಿದಿರುತ್ತದೆ. ಒಟ್ಟು ಬೆಳಕನ್ನಷ್ಟೇ ತೋರಿಸುವ ಹಿಸ್ಟೋಗ್ರಾಮ್‌ಗೆ ಇದು ತಿಳಿಯುವುದೇ ಇಲ್ಲ, ಎಲ್ಲ ಸರಿಯಿದೆ ಅನ್ನುತ್ತದೆ. ಮೂರು ಬಣ್ಣಗಳನ್ನು ಬೇರೆಬೇರೆಯಾಗಿ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ಹಾಕಿಕೊಳ್ಳಿ.

ಸ್ಟುಡಿಯೊ ನಡೆಸಿ ನುರಿತ ಹಿರಿಯರು ಈಗಲೂ ಹುಡುಗರಿಗೆ, "ತಮ್ಮಾ, ಒಂಚೂರು ಬೆಳಕು ಜಾಸ್ತಿಯೇ ಇರಲಿ, ಕಮ್ಮಿ ಮಾಡ್ಬೇಡ" ಎಂದು ಬುದ್ಧಿ ಹೇಳುವುದುಂಟು. ಅವರ ಕಾಲಕ್ಕೆ ಅದು ಸರಿಯಾದ ಮಾತೇ. ನೆಗೆಟಿವ್ ಫಿಲ್ಮಿನಲ್ಲಿ ಹೆಚ್ಚು ಬೆಳಕು ಬಿದ್ದ ಕಡೆ ಬೆಳ್ಳಿಯೋ ಬಣ್ಣವೋ ಇನ್ನಷ್ಟು ದಟ್ಟವಾಗಿ ಕೂರುತ್ತದೆ, ವಿವರ ಅಲ್ಲೇ ಇರುತ್ತದೆ. ಡಾರ್ಕ್‌ರೂಮಿನಲ್ಲಿ ಪ್ರಿಂಟು ಹಾಕುವಾಗ ಆ ಜಾಗಕ್ಕೆ ಹೆಚ್ಚು ಹೊತ್ತು ಬೆಳಕು ಬಿಟ್ಟರೆ ಮುಖ ಮೂಡಿಬರುತ್ತಿತ್ತು. ಫಿಲ್ಮು ಹೆದರುತ್ತಿದ್ದುದು ಕತ್ತಲಿಗೆ. ಡಿಜಿಟಲ್ ಸೆನ್ಸರಿನ ಸ್ವಭಾವ ಉಲ್ಟಾ. ಕತ್ತಲಲ್ಲಿ ಬಹಳಷ್ಟು ಅಡಗಿಸಿಟ್ಟುಕೊಂಡಿರುತ್ತದೆ, ಬೆಳಕಿನ ಕಡೆ ಒಂದು ಮಿತಿ ದಾಟಿದರೆ ಒಮ್ಮೆಗೇ ಕೈಚೆಲ್ಲುತ್ತದೆ. ಗುರುಗಳ ಮಾತು ಮೀರಲು ಮನಸ್ಸಾಗದಿದ್ದರೂ ಇದೊಂದನ್ನು ಮೀರಲೇಬೇಕು.

ರಾ ಫೈಲಿನಲ್ಲಿ ಉಳಿದಿರುವುದೇನು

ಕ್ಯಾಮೆರಾದ ಮೆನುವಿನಲ್ಲಿ ರಾ ಎಂಬ ಆಯ್ಕೆ ಇರುತ್ತದೆ, ಹೊಸಬರು ಫೈಲು ದೊಡ್ಡದು ಎಂದು ಅದನ್ನು ಮುಟ್ಟುವುದಿಲ್ಲ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. 12 ಬಿಟ್‌ನ ರಾ ಫೈಲಿನಲ್ಲಿ 4,096. 14 ಬಿಟ್ ಆದರೆ 16,384. ಮೆಟ್ಟಿಲ ಸಂಖ್ಯೆಗಿಂತ ಮುಖ್ಯವಾದದ್ದು ಅವು ಹಂಚಿಕೊಂಡಿರುವ ಬಗೆ. ಬೆಳಕು ಇಮ್ಮಡಿಯಾಗುವ ಒಂದೊಂದು ಹಂತವನ್ನು ಸ್ಟಾಪ್ ಎನ್ನುತ್ತಾರೆ. ಸೆನ್ಸರು ಬೆಳಕನ್ನು ಇದ್ದ ಹಾಗೆ ಎಣಿಸುವುದರಿಂದ ಅತಿ ಬೆಳಕಿನ ಕೊನೆಯ ಸ್ಟಾಪ್ ಒಂದಕ್ಕೇ ಒಟ್ಟು ಮೆಟ್ಟಿಲುಗಳ ಅರ್ಧ ಸಿಗುತ್ತದೆ. ಅಂದರೆ ಸುಡದೆ ಬರೀ ಬೆಳ್ಳಗಾದ ಮುಖದ ವಿವರ ರಾ ಫೈಲಿನಲ್ಲಿ ಧಾರಾಳವಾಗಿ ತುಂಬಿರುತ್ತದೆ. ಇಳಿಸಿದಷ್ಟೂ ಚಂದ ಬರುತ್ತದೆ.

ಪರದೆಯ ಮೇಲೆ ಕಾಣುವ ಹಿಸ್ಟೋಗ್ರಾಮ್, ಮಿಟುಕಿಸುವ ಎಚ್ಚರಿಕೆ, ಇವೆರಡನ್ನೂ ಕ್ಯಾಮೆರಾ ತಯಾರಿಸುವುದು ಜೆಪೆಗ್ ನಮೂನೆಯಿಂದ, ನೀವು ರಾ ತೆಗೆಯುತ್ತಿದ್ದರೂ ಕೂಡ. ಹಾಗಾಗಿ ಅಲ್ಲಿ ಸುಟ್ಟಿದೆ ಎಂದು ತೋರಿಸಿದ ಹಣೆ ರಾ ಫೈಲಿನಲ್ಲಿ ಇನ್ನೂ ಬದುಕಿರಬಹುದು. ಎಷ್ಟು ಎಂಬುದು ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬೇರೆ. ಸಾಮಾನ್ಯವಾಗಿ ಒಂದು ಸ್ಟಾಪಿನಷ್ಟನ್ನು ನಂಬಬಹುದು, ಅದರಾಚೆಗೆ ಅದೃಷ್ಟ. ಹಲವು ಫೋನುಗಳ ಪ್ರೊ ಮೋಡ್‌ನಲ್ಲೂ ಡಿಎನ್‌ಜಿ ಹೆಸರಿನಲ್ಲಿ ರಾ ಸಿಗುತ್ತದೆ.

ಫೋನಿನಲ್ಲೇ ತೆಗೆಯುವವರು ಇನ್ನೊಂದು ಗುಂಡಿ ಹುಡುಕಿ ಆಫ್ ಮಾಡಬೇಕು: ಬ್ಯೂಟಿ ಮೋಡ್. ಅದು ಫೋಟೊ ಉಳಿಸುವ ಮೊದಲೇ ಚರ್ಮವನ್ನು ನುಣ್ಣಗೆ ಮಾಡಿ ಬೆಳ್ಳಗೂ ಮಾಡಿಬಿಡುತ್ತದೆ. ಅಳಿಸಿಹೋದ ಸುಕ್ಕು, ಮಚ್ಚೆ, ನಿಜವಾದ ಬಣ್ಣ ಯಾವುದನ್ನೂ ಆಮೇಲೆ ತರಲಾಗದು.

ಎಡಿಟಿಂಗ್ ಕೆಲಸ

ಯಾವ ಆ್ಯಪ್ ಎಂಬುದು ದೊಡ್ಡ ಪ್ರಶ್ನೆಯೇನಲ್ಲ. ಫೋನಿನಲ್ಲಿ ಗೂಗಲ್‌ನ ಸ್ನ್ಯಾಪ್‌ಸೀಡ್ ಉಚಿತ, ಡಿಎನ್‌ಜಿಯನ್ನೂ ತೆರೆಯುತ್ತದೆ. ಲೈಟ್‌ರೂಮ್ ಮೊಬೈಲಿನ ಮೂಲ ಸ್ಲೈಡರುಗಳು ಉಚಿತ, ಮಾಸ್ಕಿಂಗ್‌ನಂಥವಕ್ಕೆ ದುಡ್ಡು ಕಟ್ಟಬೇಕು. ಕಂಪ್ಯೂಟರ್ ಇದ್ದರೆ ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಪೂರ್ತಿ ಉಚಿತ. ಮೂರರಲ್ಲಿ ಒಂದು ಬಣ್ಣ ಸುಟ್ಟು ಉಳಿದವು ಬದುಕಿದ್ದರೆ, ಉಳಿದವುಗಳಿಂದ ಲೆಕ್ಕ ಹಾಕಿ ಕಳೆದದ್ದನ್ನು ಊಹಿಸಿ ತುಂಬುವ ಹೈಲೈಟ್ ರೀಕನ್‌ಸ್ಟ್ರಕ್ಷನ್ ಸೌಲಭ್ಯ ಇವೆರಡರಲ್ಲೂ ಇದೆ. ಮೊದಲು ಹೇಳಿದ ಕೆಂಪು ಸುಟ್ಟ ಕೆನ್ನೆಗೆ ಇದು ಒಳ್ಳೆಯ ಮದ್ದು.

ಮಂಟಪದ ಮುಂದಿನ ಅಜ್ಜನ ಫೋಟೊವನ್ನೇ ಇಟ್ಟುಕೊಳ್ಳೋಣ. ಮೊದಲು ಎಕ್ಸ್‌ಪೋಶರ್ ಇಳಿಸಿ. ಇಳಿಸುವಾಗ ಹಣೆಯ ಹೊಳಪು ನೋಡಬೇಡಿ, ಬೆಳಕು ಬಿದ್ದ ಕೆನ್ನೆಯ ಮಾಮೂಲಿ ಚರ್ಮ ನೋಡಿ. ಅದು ಅಜ್ಜನ ಬಣ್ಣಕ್ಕೆ ಬಂದ ಕಡೆ ನಿಲ್ಲಿಸಿ. ಬಹಳಷ್ಟು ಸಲ ಮೈನಸ್ 0.3ರಿಂದ ಮೈನಸ್ 0.8ರೊಳಗೆ ಕೆಲಸ ಮುಗಿಯುತ್ತದೆ. ಹಣೆ ನೋಡಿಕೊಂಡು ಇಳಿಸುತ್ತಾ ಹೋದರೆ ಹಣೆ ಸರಿಯಾಗುವ ಹೊತ್ತಿಗೆ ಉಳಿದ ಮುಖ ಸಂಜೆಯಾಗಿರುತ್ತದೆ. ಲೈಟ್‌ರೂಮ್‌ನಂಥ ಕೆಲವು ತಂತ್ರಾಂಶಗಳು ಕರ್ಸರ್ ಇಟ್ಟ ಜಾಗದ ಮೂರು ಬಣ್ಣಗಳ ಪ್ರಮಾಣವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುತ್ತವೆ. ಕಂದು ಮೈಬಣ್ಣದವರ ಬೆಳಕಿನ ಕೆನ್ನೆಯಲ್ಲಿ ಕೆಂಪು ಶೇ. 65ರಿಂದ 80ರೊಳಗೆ ಇದ್ದರೆ ನನಗೆ ಸಮಾಧಾನ. ಇದು ನಾನು ಇಟ್ಟುಕೊಂಡ ಅಂದಾಜು, ಶಾಸ್ತ್ರವಲ್ಲ. ಮೈಬಣ್ಣಕ್ಕೆ ತಕ್ಕಂತೆ ಸರಿಸಿಕೊಳ್ಳಿ.

ಆಮೇಲೆ ಹೈಲೈಟ್ಸ್. ಇದು ಬೆಳಕಿನ ಭಾಗಗಳನ್ನಷ್ಟೇ ಇಳಿಸುತ್ತದೆ, ಹಣೆ ಮತ್ತು ಮೂಗು ಇಲ್ಲಿ ಹದಕ್ಕೆ ಬರುತ್ತವೆ. ಮೈನಸ್ 30ರಿಂದ 60ರವರೆಗೆ ಸಾಕು. ಹೊಸಬರ ಫೋಟೊದಲ್ಲಿ ಈ ಸ್ಲೈಡರು ಹೆಚ್ಚಾಗಿ ಮೈನಸ್ 100ರಲ್ಲೇ ನಿಂತಿರುತ್ತದೆ. ಅಷ್ಟು ಇಳಿಸಿದರೆ ಮುಖದ ಉಬ್ಬುತಗ್ಗು ಸಪಾಟಾಗಿ, ಚರ್ಮದ ಮೇಲೆ ಬೂದು ಪೊರೆ ಕೂರುತ್ತದೆ. ಮುಖಕ್ಕೆ ಸ್ವಲ್ಪ ಹೊಳಪು ಬೇಕು. ಮೂಗಿನ ಏಣು, ಕೆನ್ನೆಯ ಮೂಳೆ ಗೊತ್ತಾಗುವುದೇ ಆ ಹೊಳಪಿನಿಂದ.

ಈಗ ಅಂಗಿ ನೋಡಿ. ಮುಖ ಸರಿಮಾಡುವ ಭರದಲ್ಲಿ ಬಿಳಿ ಅಂಗಿ, ಬಿಳಿ ಪಂಚೆ ಮಾಸಿದ ಬಣ್ಣಕ್ಕೆ ಬಂದಿರುತ್ತವೆ. ಬಿಳಿ ಬಿಳಿಯಾಗಿ ಕಾಣದ ಫೋಟೊ ಇಡಿಯಾಗಿ ಮಂಕು. ವೈಟ್ಸ್ ಸ್ಲೈಡರನ್ನು ಮೆಲ್ಲಗೆ ಮೇಲೇರಿಸಿ, ಅಂಗಿಯ ಅತಿ ಬೆಳಕಿನ ಮಡಿಕೆ ಬಲಗೋಡೆಯ ಸಮೀಪ ಬಂದರೂ ಮುಟ್ಟದಂತೆ ನಿಲ್ಲಿಸಿ. ಬೆಳಕು ಹೆಚ್ಚಾದ ಫೋಟೊದಲ್ಲಿ ಕಪ್ಪೂ ತನ್ನ ಕಪ್ಪುತನ ಕಳೆದುಕೊಂಡು ಹಾಲು ಬೆರೆತಂತಾಗಿರುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಬ್ಲ್ಯಾಕ್ಸ್ ಮೈನಸ್ 10, 15ಕ್ಕೆ ಇಳಿಸಿದರೆ ಹಿಂದಿನ ಬಳಪದ ಕಲ್ಲು ತನ್ನ ನಿಜವಾದ ಬಣ್ಣಕ್ಕೆ ಮರಳುತ್ತದೆ. ಕಲ್ಲು ಕಪ್ಪಾದ ಕೂಡಲೇ ಮುಖ ತಾನೇ ಎದ್ದು ಬರುತ್ತದೆ, ಮುಖವನ್ನು ಇನ್ನಷ್ಟು ಬೆಳಗಿಸುವ ಅಗತ್ಯವೇ ಬೀಳುವುದಿಲ್ಲ. ಕೊನೆಗೆ ಕಣ್ಣಿನ ಗುಳಿ ಕತ್ತಲಾಗಿದ್ದರೆ ಶಾಡೋಸ್ ಪ್ಲಸ್ 10, 20.

ಬಣ್ಣದ ಕೆಲಸ ಇದಾದ ಮೇಲೆ. ಮೊದಲೇ ಮಾಡಿದರೆ ಎರಡೆರಡು ಸಲ ಮಾಡಬೇಕಾಗುತ್ತದೆ, ಯಾಕೆಂದರೆ ಬೆಳಕು ಇಳಿದಾಗ ಬಣ್ಣ ತಾನಾಗಿಯೇ ಗಾಢವಾಗುತ್ತದೆ. ಕೇದಾರೇಶ್ವರದ ಆವರಣದಲ್ಲಿ ಹುಲ್ಲುಹಾಸು ಇದೆ, ಬಿಸಿಲು ಅದರ ಮೇಲೆ ಬಿದ್ದು ಗದ್ದದ ಅಡಿಗೆ, ಕುತ್ತಿಗೆಗೆ ಹಸಿರು ಹೊಡೆಯುತ್ತದೆ. ಟಿಂಟ್ ಸ್ಲೈಡರನ್ನು ಹಸಿರಿನಿಂದ ಆಚೆ, ನೇರಳೆ-ಗುಲಾಬಿಯ ಕಡೆಗೆ ಒಂದೆರಡು ಅಂಕ ತಳ್ಳಿ. ಮುಂದಿನದು ಕಲರ್ ಮಿಕ್ಸ್‌ನಲ್ಲಿರುವ ಆರೆಂಜ್. ಎಲ್ಲರ ಚರ್ಮವೂ ಹೆಚ್ಚುಕಡಿಮೆ ಈ ಬಣ್ಣದ ಮನೆಯಲ್ಲೇ ಇರುತ್ತದೆ. ಅದರ ಲ್ಯೂಮಿನನ್ಸ್ ಅನ್ನು ಮೈನಸ್ 10ರಿಂದ 20 ಇಳಿಸಿದರೆ ಬಿಳುಚಿದ ಮುಖಕ್ಕೆ ಮೈಬಣ್ಣದ ತೂಕ ಬರುತ್ತದೆ, ಅಂಗಿ ಮತ್ತು ಕಲ್ಲು ಹಾಗೇ ಉಳಿಯುತ್ತವೆ. ಕಾವಿ ಶಾಲು, ಕೆಮ್ಮಣ್ಣು ಇದ್ದರೆ ಅವೂ ಕಪ್ಪಾಗುತ್ತವೆ, ಗಮನವಿರಲಿ.

ಇದೇ ಸ್ಲೈಡರನ್ನು ಬಹಳ ಸ್ಟುಡಿಯೊಗಳಲ್ಲಿ ಮೇಲಕ್ಕೆ ಎಳೆಯುತ್ತಾರೆ, ಮದುಮಗಳು ಬೆಳ್ಳಗೆ ಕಾಣಲೆಂದು. "ಅಣ್ಣಾ, ಇನ್ನೊಂಚೂರು ಬ್ರೈಟ್ ಮಾಡಿ" ಎಂದು ಪಕ್ಕದಲ್ಲಿ ನಿಂತ ಚಿಕ್ಕಮ್ಮನೋ ಅತ್ತಿಗೆಯೋ ಹೇಳುತ್ತಲೇ ಇರುತ್ತಾರೆ. ಅತಿಯಾಗಿ ಬೆಳಗಿದ ಎಷ್ಟೋ ಮುಖಗಳು ಹೀಗೆ ಬೇಡಿಕೆಯ ಮೇರೆಗೆ ತಯಾರಾದವು, ಮೀಟರಿನ ತಪ್ಪೇನೂ ಇಲ್ಲ. 2020ರಲ್ಲಿ ಫೇರ್ ಆ್ಯಂಡ್ ಲವ್ಲಿ ಕೂಡ ಹೆಸರಿನಿಂದ ಫೇರ್ ಬಿಟ್ಟು ಗ್ಲೋ ಆ್ಯಂಡ್ ಲವ್ಲಿ ಆಯಿತು. ಆಲ್ಬಮ್ಮಿನ ಪುಟಗಳಿಗೆ ಆ ಸುದ್ದಿ ತಲುಪಿದಂತಿಲ್ಲ. ನನ್ನ ಪಕ್ಷ ಸ್ಪಷ್ಟ. ಹುಡುಗಿ ಕಂದು ಬಣ್ಣದವಳಾದರೆ ಫೋಟೊದಲ್ಲೂ ಕಂದು ಬಣ್ಣವೇ ಇರಬೇಕು. ಕಲೆಯ ಮಾತು ಹಾಗಿರಲಿ, ಕಸುಬಿನ ದೃಷ್ಟಿಯಿಂದಲೂ ಅದೇ ಲಾಭ: ಕಂದು ಚರ್ಮ ಮಧ್ಯಮ ಬೂದಿಗೆ ಹತ್ತಿರ, ಮೇಲೂ ಕೆಳಗೂ ಜಾಗವಿರುತ್ತದೆ, ಮುಖದ ತಿರುವುಗಳು ತುಂಬಿಕೊಂಡು ಬರುತ್ತವೆ. ಬೆಳ್ಳಗೆ ಮಾಡಲು ಹೋದರೆ ಆ ಜಾಗವನ್ನೇ ಕೈಯಾರೆ ಕಳೆದುಕೊಂಡಂತೆ. ಚಿಕ್ಕಮ್ಮನಿಗೆ ಇಷ್ಟೆಲ್ಲ ವಿವರಿಸುವುದು ಕಷ್ಟ. ಎರಡು ಪ್ರತಿಗಳನ್ನು ಪಕ್ಕಪಕ್ಕ ತೋರಿಸಿ ಒಡವೆ ಯಾವುದರಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಕೇಳಿ. ಮೈಬಣ್ಣ ಗಾಢವಾಗಿರುವ ಪ್ರತಿಯಲ್ಲಿ ಚಿನ್ನ ಹೊಳೆಯುತ್ತದೆ, ಉತ್ತರ ತಾನಾಗಿ ಬರುತ್ತದೆ.

ಜೋಡಿ ಫೋಟೊದಲ್ಲಿ ಒಬ್ಬರು ಕಪ್ಪು, ಒಬ್ಬರು ಬಿಳಿ ಇದ್ದರೆ ಒಂದೇ ಬೆಳಕಿನಲ್ಲಿ ಒಂದು ಮುಖ ಸರಿಯಾಗಿ ಇನ್ನೊಂದು ಮಾತ್ರ ಏರಿರುತ್ತದೆ. ಇಲ್ಲಿ ಇಡೀ ಫೋಟೊ ಇಳಿಸುವಂತಿಲ್ಲ, ಆ ಒಂದು ಮುಖಕ್ಕಷ್ಟೇ ಮಾಸ್ಕ್ ಹಾಕಬೇಕು. ಸ್ನ್ಯಾಪ್‌ಸೀಡ್‌ನಲ್ಲಾದರೆ ಸೆಲೆಕ್ಟಿವ್ ತೆರೆದು ಕೆನ್ನೆಯ ಮೇಲೆ ಬೆರಳಿಟ್ಟರೆ ಒಂದು ಬಿಂದು ಕೂರುತ್ತದೆ. ಎರಡು ಬೆರಳಿನಿಂದ ಹಿಗ್ಗಿಸಿ ಕುಗ್ಗಿಸಿ ವ್ಯಾಪ್ತಿ ಗೊತ್ತುಮಾಡಿ ಬ್ರೈಟ್‌ನೆಸ್ ಇಳಿಸಿ. ಹಣೆಯ ಮೇಲಿನ ಸಣ್ಣ ಹೊಳಪಿಗೆ ಡಾಡ್ಜ್ ಆ್ಯಂಡ್ ಬರ್ನ್ ಬ್ರಷ್ ಇದೆ, ಮೈನಸ್ 5ರಲ್ಲಿ ಸವರಿ ನೋಡಿ. ಡಾರ್ಕ್‌ರೂಮಿನಲ್ಲಿ ರಟ್ಟಿನ ತುಂಡು, ತಂತಿ ಹಿಡಿದು ಕೈಯಾಡಿಸುತ್ತಿದ್ದ ಕೆಲಸವೇ ಇದು. ಎರಡು ಮುಖಗಳ ಬೆಳಕು ಸರಿದೂಗಿಸುವಾಗ ಬಣ್ಣವನ್ನು ಒಂದೇ ಮಾಡಲು ಹೋಗಬೇಡಿ. ಇಬ್ಬರ ನಡುವೆ ಇರುವ ಅಂತರ ಹಾಗೇ ಇರಲಿ.

ನಿಜಕ್ಕೂ ಸುಟ್ಟ ಜಾಗ ಇದ್ದರೆ? ರಾ ಇಲ್ಲ, ಜೆಪೆಗ್ ಮಾತ್ರ, ಹಣೆಯಲ್ಲಿ ನಾಣ್ಯದಗಲ ಬಿಳಿ. ಅಲ್ಲಿ ಎಕ್ಸ್‌ಪೋಶರ್ ಇಳಿಸುವುದು ವ್ಯರ್ಥ. ಪಕ್ಕದ ಚರ್ಮದ ಬಣ್ಣವನ್ನು ಆರಿಸಿ, ಗಿಂಪ್‌ನಂಥ ಉಚಿತ ತಂತ್ರಾಂಶದಲ್ಲಿ ಬೇರೆ ಲೇಯರ್ ಮಾಡಿ, ಮೆದು ಅಂಚಿನ ಬ್ರಷ್‌ನಿಂದ ಶೇ. 10, 15ರ ತೆಳುವಿನಲ್ಲಿ ಬಳಿಯಿರಿ. ಬಿಳಿ ಪೂರ್ತಿ ಮುಚ್ಚಬೇಕಿಲ್ಲ, ಹೊಳಪು ಎಂದು ಕಣ್ಣು ಒಪ್ಪುವಷ್ಟು ಬಣ್ಣ ಕಂಡರೆ ಸಾಕು. ಹೀಲಿಂಗ್ ಬ್ರಷ್‌ನಿಂದ ಪಕ್ಕದ ಚರ್ಮದ ರಂಧ್ರ, ಗೆರೆಗಳನ್ನು ತಂದು ಕೂರಿಸಿದರೆ ಇನ್ನೂ ಸಹಜ. ಅರ್ಧ ಮುಖವೇ ಹೋಗಿದ್ದರೆ ಕಪ್ಪುಬಿಳುಪು ಮಾಡಿ ನೋಡಿ, ಅಲ್ಲಿ ಬಿಳಿ ತಪ್ಪಾಗಿ ಕಾಣುವುದು ಕಡಿಮೆ. ಅದೂ ಒಗ್ಗದಿದ್ದರೆ ಆ ಫೋಟೊ ಬಿಟ್ಟು ಮುಂದಿನದಕ್ಕೆ ಹೋಗಿ. ಅಂತರ್ಜಾಲದಲ್ಲಿ ಸಿಗುವ ಪ್ರಿಸೆಟ್‌ಗಳ ಆಸೆಯೂ ಬೇಡ; ಅವು ಯಾರದೋ ಊರಿನ ಬೆಳಕಿಗೆ, ಯಾರದೋ ಮೈಬಣ್ಣಕ್ಕೆ ಹೊಂದಿಸಿದವು.

ಮತ್ತೆ ಬಳ್ಳಿಗಾವಿಗೆ ಹೋಗುವಾಗ

ತೆರೆದ ಮಂಟಪ ಪೂರ್ವಾಭಿಮುಖ ಎಂಬುದನ್ನು ನೆನಪಿಟ್ಟುಕೊಂಡರೆ ಅರ್ಧ ಎಡಿಟಿಂಗ್ ಉಳಿಯುತ್ತದೆ. ಬೆಳಗ್ಗೆ ಮುಂಭಾಗಕ್ಕೆ ನೇರ ಬಿಸಿಲು. ಮಧ್ಯಾಹ್ನ ಮೂರು, ನಾಲ್ಕರ ನಂತರ ಸೂರ್ಯ ಗುಡಿಯ ಬೆನ್ನಿಗೆ ಹೋಗಿ ಮುಂಭಾಗಕ್ಕೆ ನೆರಳು ಬರುತ್ತದೆ, ಆಕಾಶದ ಮೆದು ಬೆಳಕು ಮುಖಕ್ಕೆ ಸಿಗುತ್ತದೆ. ಬೆಳಗಿನ ಹೊತ್ತೇ ಆಗಬೇಕೆಂದರೆ ಜನರನ್ನು ಮಂಟಪದ ಒಳಗೆ, ಬಿಸಿಲಿನ ಗೆರೆಯಿಂದ ಒಂದೆರಡು ಹೆಜ್ಜೆ ಹಿಂದೆ ನಿಲ್ಲಿಸಿ. ಕಪ್ಪು ಕಲ್ಲಿನ ಹಿನ್ನೆಲೆ ಇದ್ದಾಗ ಎಕ್ಸ್‌ಪೋಶರ್ ಕಾಂಪೆನ್ಸೇಷನ್ ಮೈನಸ್ 0.7ರಿಂದ ಮೈನಸ್ 1ಕ್ಕೆ ಇಟ್ಟು ಶುರುಮಾಡಿ. ಸ್ಪಾಟ್ ಮೀಟರಿಂಗ್ ಬಳಸುವವರು ಕಂದು ಕೆನ್ನೆಯನ್ನು ಅಳೆದು ಸೊನ್ನೆಯಲ್ಲಿ, ತೀರಾ ಬೆಳ್ಳಗಿರುವವರಿಗೆ ಪ್ಲಸ್ ಒಂದರ ಸುತ್ತ, ಕಡುಕಪ್ಪು ಮೈಬಣ್ಣಕ್ಕೆ ಮೈನಸ್ ಒಂದರ ಸುತ್ತ ಇಡುವುದು ರೂಢಿ. ಫೋನಿನಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್, ಬೆಳಕು ಎರಡೂ ಬೀಗವಾಗುತ್ತವೆ. ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ.

ಭೇರುಂಡೇಶ್ವರ ಕಂಬದ ಬುಡದಲ್ಲಿ ಆಕಾಶಕ್ಕೆ ಹೊಂದುವಂತೆ ಬೆಳಕು ಇಟ್ಟು, ಮುಖಕ್ಕೆ ಥರ್ಮಾಕೋಲ್ ಹಾಳೆಯಿಂದ ಬೆಳಕು ತಿರುಗಿಸಿ. ಗುಡಿ, ಕಂಬ ಎರಡೂ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಸ್ಮಾರಕಗಳು. ಟ್ರೈಪಾಡ್, ಕೃತಕ ದೀಪ, ವ್ಯಾಪಾರಿ ಚಿತ್ರೀಕರಣ ಇವಕ್ಕೆಲ್ಲ ಮೊದಲೇ ಅನುಮತಿ ಪಡೆದಿರಬೇಕು, ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ಆ ತೊಡಕಿಲ್ಲ.

ಬಯಲಿನಲ್ಲಿ ನಿಂತು ಕ್ಯಾಮೆರಾ ಪರದೆಯನ್ನು ನಂಬಬೇಡಿ. ಬಿಸಿಲಿನಲ್ಲಿ ಪರದೆ ಮಂಕಾಗಿ ಕಾಣುತ್ತದೆ, ಕಪ್ಪಾಯಿತೆಂದು ಎಕ್ಸ್‌ಪೋಶರ್ ಏರಿಸುತ್ತೀರಿ, ಮನೆಗೆ ಬಂದಾಗ ಎಲ್ಲ ಬಿಳಿ. ಅಲ್ಲಿ ಹಿಸ್ಟೋಗ್ರಾಮ್ ಒಂದೇ ಗತಿ. ರಾತ್ರಿ ಕತ್ತಲ ಕೋಣೆಯಲ್ಲಿ ಪರದೆಯ ಬೆಳಕು ಪೂರ್ತಿ ಏರಿಸಿಕೊಂಡು ಎಡಿಟ್ ಮಾಡುವವರಿಗೆ ಇದರ ಉಲ್ಟಾ ಆಗುತ್ತದೆ: ಫೋಟೊ ಇದ್ದುದಕ್ಕಿಂತ ಬೆಳ್ಳಗೆ ಕಂಡು ಅತಿಯಾಗಿ ಇಳಿಸಿಬಿಡುತ್ತಾರೆ, ಪ್ರಿಂಟು ಕಪ್ಪಾಗಿ ಬರುತ್ತದೆ. ದೀಪ ಹಾಕಿದ ಕೋಣೆ, ಅರ್ಧದಷ್ಟು ಪರದೆ ಬೆಳಕು, ಆಟೋ ಬ್ರೈಟ್‌ನೆಸ್ ಆಫ್. ಫೈಲನ್ನು ಎಸ್‌ಆರ್‌ಜಿಬಿ ಬಣ್ಣದಲ್ಲಿ ಉಳಿಸಿ ಲ್ಯಾಬಿಗೆ ಕೊಡಿ. ಆಲ್ಬಮ್ಮಿಗೆ ಅಥವಾ ಗೋಡೆಗೆ 12x18 ಹಾಕಿಸುವ ಮೊದಲು ಅದೇ ಫೋಟೊದ ಎರಡು 4x6 ಪ್ರತಿ ತೆಗೆಸಿ, ಒಂದು ನೀವು ಮಾಡಿದ ಹಾಗೆ, ಇನ್ನೊಂದು ಅದಕ್ಕಿಂತ 0.3 ಹೆಚ್ಚು ಬೆಳಕಿನದು. ಲ್ಯಾಬಿನವರಿಗೆ "ನೀವು ಕರೆಕ್ಷನ್ ಹಾಕ್ಬೇಡಿ, ಇದ್ದ ಹಾಗೇ ಪ್ರಿಂಟ್ ಕೊಡಿ" ಎಂದು ಬಾಯಿಬಿಟ್ಟು ಹೇಳದಿದ್ದರೆ ಅವರ ಯಂತ್ರ ಮುಖವನ್ನು ಮತ್ತೆ ಬೆಳ್ಳಗೆ ಮಾಡುವ ಸಂಭವವಿದೆ. ಎರಡನ್ನೂ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡದೆ ಹೊರಗಿನ ನೆರಳಿಗೆ ತಂದು ನೋಡಿ, ಒಪ್ಪಿದ್ದನ್ನು ದೊಡ್ಡದು ಹಾಕಿಸಿ.